ಮಾತ್ರೆಯ ಬೆಲೆ ಎಲ್ಲಿ ತೀರ್ಮಾನವಾಗುತ್ತದೆ?

ಎಚ್‌ಐವಿ ಔಷಧಗಳ ಮಾತು ಬಂದಾಗ ಓದಿಕೊಂಡವರ ನಡುವೆ ಒಂದು ಅಭಿಪ್ರಾಯ ಆಳವಾಗಿ ಬೇರೂರಿರುವುದು ಕಾಣುತ್ತದೆ. ಅದನ್ನು ನಂಬುವವರು ಹೇಳುವಷ್ಟೇ ಬಲವಾಗಿ ಮೊದಲು ಇಲ್ಲಿಡುತ್ತೇನೆ. ಹೊಸ ಔಷಧ ಕಂಡುಹಿಡಿಯುವುದು ದುಬಾರಿ ಕೆಲಸ, ಸೋಲಿನ ಅಪಾಯ ತುಂಬಿದ ಕೆಲಸ. ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದ ಔಷಧಗಳಲ್ಲೂ ಹೆಚ್ಚಿನವು ಅಂಗಡಿ ಮುಟ್ಟುವುದಿಲ್ಲ. ಗೆದ್ದ ಒಂದರಿಂದಲೇ ಸೋತ ಹಲವುಗಳ ಖರ್ಚೂ ಹುಟ್ಟಬೇಕು. ಆದ್ದರಿಂದ ಕಂಡುಹಿಡಿದವರಿಗೆ ಇಪ್ಪತ್ತು ವರ್ಷ ಪೇಟೆಂಟಿನ ರಕ್ಷಣೆ ಕೊಡುವುದು ನ್ಯಾಯ. ಆ ಅವಧಿಯಲ್ಲಿ ಕೊಳ್ಳಲಾಗದ ಬಡವರಿಗೆ ಸರ್ಕಾರ ನೆರವಾಗಲಿ, ದಾನಿಗಳು ನೆರವಾಗಲಿ, ಕಂಪನಿಗಳೇ ಬೆಲೆ ಇಳಿಸಿ ಕೊಡಲಿ. ಅದು ಮಾನವೀಯತೆಯ ಪ್ರಶ್ನೆ. ವ್ಯಾಪಾರದ ನಿಯಮಗಳಿಗೂ ಅದಕ್ಕೂ ಗಂಟು ಹಾಕಬಾರದು. ಏಡ್ಸ್ ಹೋರಾಟಗಾರರು ಬೀದಿಗಿಳಿದು ಜಗತ್ತಿನ ಕಣ್ಣು ತೆರೆಸಿದ್ದು ಮೆಚ್ಚತಕ್ಕದ್ದೇ, ಆದರೆ ಪೇಟೆಂಟ್ ಕಾನೂನಿನ ಮೇಲೆ ಅವರು ಮಾಡಿದ ದಾಳಿ ದಾರಿ ತಪ್ಪಿದ್ದು. ಕೊನೆಗೆ ಔಷಧ ಅಗ್ಗವಾದದ್ದು ಜಗತ್ತಿನ ಮನಸ್ಸು ಕರಗಿದ್ದರಿಂದ, ಕಂಪನಿಗಳು ಔದಾರ್ಯ ತೋರಿದ್ದರಿಂದ, ಶ್ರೀಮಂತ ದೇಶಗಳು ಹಣ ಸುರಿದಿದ್ದರಿಂದ. ಆ ಅಭಿಪ್ರಾಯ ಸಾರಾಂಶದಲ್ಲಿ ಇಷ್ಟು.

ಇದರಲ್ಲಿ ನಿಜವೂ ಇದೆ. ಸಂಶೋಧನೆಗೆ ಹಣ ಬೇಕು; ದಾನಿ ದೇಶಗಳ ಹಣವಿಲ್ಲದೆ ಆಫ್ರಿಕದ ಲಕ್ಷಾಂತರ ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ತೊಡಕಿರುವುದು ಇದರ ಬುಡದಲ್ಲಿರುವ, ಯಾರೂ ಬಾಯಿಬಿಟ್ಟು ಹೇಳದ ಒಂದು ಊಹೆಯಲ್ಲಿ. ಔಷಧಕ್ಕೆ ಒಂದು ಸಹಜ ಬೆಲೆ ಇದೆ, ಆ ಬೆಲೆ ಮೊದಲೇ ನಿಂತಿರುತ್ತದೆ, ಅದನ್ನು ಯಾರು ಕಟ್ಟಬೇಕು ಎಂಬುದೊಂದೇ ಉಳಿದ ಪ್ರಶ್ನೆ ಎಂಬುದು ಆ ಊಹೆ. ಬೆಲೆ ಹೀಗೆ ನಿಂತಿರುವುದಾದರೆ ಉಳಿಯುವುದು ದಾನ ಮಾತ್ರ. ಬೆಲೆಯನ್ನು ನಿಯಮವೇ ಹುಟ್ಟಿಸುವುದಾದರೆ ನಿಯಮವನ್ನು ಪ್ರಶ್ನಿಸುವುದೇ ಚಿಕಿತ್ಸೆಯ ಮೊದಲ ಕೆಲಸವಾಗುತ್ತದೆ. ನನ್ನ ವಾದವೆಲ್ಲ ಈ ಎರಡನೆಯದರ ಪರವಾಗಿದೆ.

ಸಾಕ್ಷ್ಯ 2001ರ ಫೆಬ್ರುವರಿಯದು. 1996ರಲ್ಲಿ ವ್ಯಾಂಕೂವರ್‌ನ ಏಡ್ಸ್ ಸಮ್ಮೇಳನದಲ್ಲಿ ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ ಅಡಗುತ್ತದೆ, ಸಾವಿನಂಚಿನಲ್ಲಿದ್ದವರು ಎದ್ದು ಓಡಾಡುತ್ತಾರೆ ಎಂಬುದು ಖಚಿತವಾಗಿತ್ತು. ಆ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ ತಗಲುತ್ತಿದ್ದದ್ದು 10,000ದಿಂದ 15,000 ಡಾಲರ್. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಇದೇ ಬಗೆಯ ಚಿಕಿತ್ಸೆಯನ್ನು ‘ಗಡಿರಹಿತ ವೈದ್ಯರು’ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡುವುದಾಗಿ ಘೋಷಿಸಿದರು. ಔಷಧಗಳ ರಸಾಯನ ಬದಲಾಗಿರಲಿಲ್ಲ, ರೋಗಿಗಳ ಆದಾಯವೂ ಏರಿರಲಿಲ್ಲ. ಸಿಪ್ಲಾದವರು ಮಾಡಿದ್ದನ್ನು ಹತ್ತಿರದಿಂದ ನೋಡಬೇಕು. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಎಂಬ ಮೂರು ಔಷಧಗಳನ್ನು ಅವರು ‘ಟ್ರಯೋಮ್ಯೂನ್’ ಎಂಬ ಒಂದೇ ಮಾತ್ರೆಯಲ್ಲಿ ಸೇರಿಸಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೆ ಮುಗಿಯಿತು. ಅಮೆರಿಕದ, ಯುರೋಪಿನ ದೊಡ್ಡ ಕಂಪನಿಗಳು ಹೀಗೇಕೆ ಮಾಡಿರಲಿಲ್ಲ? ಮೂರು ಔಷಧಗಳ ಹಕ್ಕು ಮೂರು ಬೇರೆ ಬೇರೆ ಕಂಪನಿಗಳ ಕೈಯಲ್ಲಿತ್ತು. ಸ್ಟಾವುಡಿನ್ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್‌ನದು, ಲ್ಯಾಮಿವುಡಿನ್ ಗ್ಲಾಕ್ಸೋದ್ದು, ನೆವಿರಪಿನ್ ಬೋರಿಂಗರ್ ಇಂಗಲ್‌ಹೈಮ್‌ನದು. ರೋಗಿಗೆ ಅತ್ಯಂತ ಸುಲಭವಾದ ಮಾತ್ರೆಯನ್ನು ತಯಾರಿಸಲು ಪೇಟೆಂಟುಗಳೇ ಅಡ್ಡವಾಗಿದ್ದವು. ಪೇಟೆಂಟಿಲ್ಲದ ದೇಶದಲ್ಲಿ ಮಾತ್ರ ಆ ಮೂರೂ ಒಂದೇ ಮಾತ್ರೆಯೊಳಗೆ ಸೇರಲು ಸಾಧ್ಯವಿತ್ತು. ಪೇಟೆಂಟ್ ಸದಾ ಹೊಸತನವನ್ನು ಹುಟ್ಟಿಸುತ್ತದೆ ಎನ್ನುವವರು ಈ ಮಾತ್ರೆಯ ಬಗ್ಗೆ ಏನಾದರೂ ಹೇಳಬೇಕಾಗುತ್ತದೆ.

ಭಾರತದಲ್ಲಿ ಅದು ಸಾಧ್ಯವಾದದ್ದು ಆಕಸ್ಮಿಕವಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಆಧಾರದ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯ್ದೆ ಆಹಾರಕ್ಕೆ, ಔಷಧಕ್ಕೆ ಪೇಟೆಂಟ್ ಕೊಡುವುದಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತೇವೆ, ಅದೂ ಹೆಚ್ಚೆಂದರೆ ಏಳು ವರ್ಷ ಎಂದಿತ್ತು. ಬೇರೆ ವಿಧಾನದಿಂದ ಅದೇ ಔಷಧ ತಯಾರಿಸುವವರಿಗೆ ಬಾಗಿಲು ತೆರೆದಿತ್ತು. ಸಿಪ್ಲಾ, ಹೈದರಾಬಾದಿನ ಹೆಟೆರೊ, ಅರಬಿಂದೊ, ಬೆಂಗಳೂರಿನ ಸ್ಟ್ರೈಡ್ಸ್‌ನಂಥ ಕಂಪನಿಗಳು ಕೈಹಾಕಿದ ಎಚ್‌ಐವಿ ಔಷಧಗಳ ತಯಾರಿಕೆಯ ಹಿಂದೆ ಈ ಕಾನೂನು ಬೆಳೆಸಿದ ಕುಶಲತೆಯಿದೆ. ಈ ಬಾಗಿಲನ್ನು ಮುಚ್ಚಿಸುವುದೇ ವಿಶ್ವ ವ್ಯಾಪಾರದ ಮಾತುಕತೆಯಲ್ಲಿ ಮುಂದಿಟ್ಟ ಕರಡಾದ ಡಂಕೆಲ್ ಪ್ರಸ್ತಾವದ ಒಂದು ಉದ್ದೇಶವಾಗಿತ್ತು. ಕರ್ನಾಟಕದಲ್ಲಿ ಡಂಕೆಲ್ ಎಂದರೆ ನಮಗೆ ನೆನಪಾಗುವುದು ಬೀಜ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ರೈತ ಸಂಘ, 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಪ್ರತಿಭಟನೆ, ಬೀಜ ರೈತನದೇ ಎಂಬ ವಾದ. ಅದೇ ಕರಡಿನಲ್ಲಿ ಬೀಜದ ಜೊತೆಗೇ ಔಷಧವೂ ಇತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆಯ ಜೊತೆಗೆ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದ ಎಲ್ಲ ಸದಸ್ಯ ದೇಶಗಳೂ ಔಷಧಕ್ಕೆ ಇಪ್ಪತ್ತು ವರ್ಷಗಳ ಪೇಟೆಂಟ್ ಕೊಡಲೇಬೇಕೆಂದು ವಿಧಿಸಿತು. ಭಾರತಕ್ಕೆ ಸಿಕ್ಕ ಗಡುವು 2005ರ ಜನವರಿ 1. ಟ್ರಯೋಮ್ಯೂನ್ ಬಂದದ್ದು ಆ ಹತ್ತು ವರ್ಷಗಳ ಬಿಡುವಿನಲ್ಲಿ. ಒಪ್ಪಂದ ಒಂದಿಷ್ಟು ಬೇಗ ಜಾರಿಯಾಗಿದ್ದರೆ 350 ಡಾಲರಿನ ಬೆಲೆಯನ್ನು ಹೇಳುವವರೇ ಇರುತ್ತಿರಲಿಲ್ಲ. ಇದೇ ಕಾರಣಕ್ಕೆ ಬೆಲೆಯನ್ನು ನಿಯಮ ಹುಟ್ಟಿಸುತ್ತದೆ ಎನ್ನುತ್ತೇನೆ.

ಕರುಣೆಯೇ ಬೆಲೆ ಇಳಿಸಿತು ಎನ್ನುವವರು ಘಟನೆಗಳ ಅನುಕ್ರಮವನ್ನು ನೋಡಬೇಕು. ಕರುಣೆ ಮೊದಲೇ ಬಂದಿತ್ತು. 2000ದ ಮೇ ತಿಂಗಳಲ್ಲಿ ಐದು ದೊಡ್ಡ ಕಂಪನಿಗಳು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಜೊತೆ ಸೇರಿ ಬಡ ದೇಶಗಳಿಗೆ ಬೆಲೆ ಇಳಿಸುವ ಯೋಜನೆ ಪ್ರಕಟಿಸಿದವು. ಒಂದೊಂದು ದೇಶದೊಡನೆ ಪ್ರತ್ಯೇಕ ಮಾತುಕತೆ, ಪ್ರತ್ಯೇಕ ಷರತ್ತು. ಇಳಿದ ಬೆಲೆಯೂ ಆ ದೇಶಗಳ ಜನರ ಕೈಗೆಟುಕುವಂತಿರಲಿಲ್ಲ, ಚಿಕಿತ್ಸೆ ಸಿಕ್ಕವರು ಬೆರಳೆಣಿಕೆಯಷ್ಟೇ. ನಿಜವಾದ ಕುಸಿತ ಬಂದದ್ದು ಸ್ಪರ್ಧಿ ಬಂದ ಮೇಲೆ. ದೊಡ್ಡ ದಾನವೂ ಅಗ್ಗದ ಬೆಲೆಯ ಬೆನ್ನಹಿಂದೆಯೇ ಬಂತು ಎನ್ನುವುದಕ್ಕೆ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಮಾತೇ ಸಾಕ್ಷಿ. 2003ರ ಜನವರಿಯಲ್ಲಿ ‘ಪೆಪ್‌ಫಾರ್’ ಎಂಬ ಏಡ್ಸ್ ನೆರವು ಯೋಜನೆ ಪ್ರಕಟಿಸುವಾಗ ಅವರು ಕೊಟ್ಟ ಕಾರಣಗಳಲ್ಲೊಂದು, ವರ್ಷಕ್ಕೆ 12,000 ಡಾಲರ್ ಇದ್ದ ಔಷಧದ ವೆಚ್ಚ 300 ಡಾಲರಿಗಿಂತ ಕೆಳಗೆ ಬಂದಿದೆ ಎಂಬುದು. ಆ ಬೆಲೆ ಜೆನೆರಿಕ್ ಔಷಧದ, ಎಂದರೆ ಪೇಟೆಂಟುದಾರರಲ್ಲದವರು ತಯಾರಿಸುವ ಅದೇ ಔಷಧದ, ಬೆಲೆ. ಆದರೂ ಆ ಯೋಜನೆ ಮೊದಮೊದಲು ಹೆಚ್ಚಾಗಿ ಬ್ರ್ಯಾಂಡೆಡ್ ಔಷಧಗಳನ್ನೇ ಕೊಂಡಿತು. ಅದು ಕೊಂಡ ಎಚ್‌ಐವಿ ಔಷಧಗಳಲ್ಲಿ ಜೆನೆರಿಕ್ ಪಾಲು 2005ರಲ್ಲಿ ನೂರಕ್ಕೆ ಸುಮಾರು 15 ಇದ್ದದ್ದು 2008ರಲ್ಲಿ ಸುಮಾರು 89ಕ್ಕೆ ಏರಿತು. ಅಷ್ಟೇ ಹಣದಲ್ಲಿ ಹೆಚ್ಚು ಜನರಿಗೆ ಔಷಧ ಕೊಡಲು ಸಾಧ್ಯವಾಯಿತು.

ಈ ಕಥೆಯಲ್ಲಿ ಹೋರಾಟಗಾರರ ಪಾತ್ರ ಕಣ್ಣೀರು ತರಿಸುವುದಷ್ಟೇ ಆಗಿರಲಿಲ್ಲ. ದಕ್ಷಿಣ ಆಫ್ರಿಕದ ಸಂಸತ್ತು 1997ರಲ್ಲಿ ಔಷಧ ಕಾಯ್ದೆಗೆ ತಿದ್ದುಪಡಿ ತಂದು, ಒಂದೇ ಕಂಪನಿಯ ಔಷಧ ಬೇರೆ ದೇಶದಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದ್ದರೆ ಅಲ್ಲಿಂದ ತರಿಸಿಕೊಳ್ಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಔಷಧ ಕಂಪನಿಗಳು 1998ರಲ್ಲಿ ಅದರ ವಿರುದ್ಧ ಪ್ರಿಟೋರಿಯದ ನ್ಯಾಯಾಲಯಕ್ಕೆ ಹೋದವು. ಅಮೆರಿಕ ಆ ದೇಶವನ್ನು ವ್ಯಾಪಾರ ನಿರ್ಬಂಧದ ಎಚ್ಚರಿಕೆ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರ್ 10ರಂದು ಹೋರಾಟಗಾರ ಜಾಕಿ ಅಹ್ಮತ್ ಮತ್ತು ಸಂಗಾತಿಗಳು ‘ಚಿಕಿತ್ಸಾ ಕ್ರಿಯಾ ಅಭಿಯಾನ’ ಕಟ್ಟಿದರು. ಮೊಕದ್ದಮೆ 2001ರ ಮಾರ್ಚ್‌ನಲ್ಲಿ ವಿಚಾರಣೆಗೆ ಬಂದಾಗ ಅವರು ನ್ಯಾಯಾಲಯಕ್ಕೆ ನೆರವಾಗುವ ಮೂರನೆಯ ಪಕ್ಷವಾಗಿ ಒಳಬಂದು ಸಂಶೋಧನೆಗೆ ನಿಜಕ್ಕೂ ಎಷ್ಟು ಖರ್ಚಾಗಿದೆ, ಅದರಲ್ಲಿ ಸರ್ಕಾರದ ಹಣವೆಷ್ಟು, ಈ ಬೆಲೆಗೆ ಆಧಾರವೇನು ಎಂಬ ಪ್ರಶ್ನೆಗಳನ್ನು ಎತ್ತಿದರು. ಉತ್ತರಿಸುವ ಹೊಣೆ ಕಂಪನಿಗಳ ಮೇಲೆ ಬಿತ್ತು. ಏಪ್ರಿಲ್ 19ರಂದು 39 ಕಂಪನಿಗಳೂ ಮೊಕದ್ದಮೆ ಹಿಂತೆಗೆದುಕೊಂಡವು. ಪೇಟೆಂಟ್ ಕಾನೂನಿನ ವಿಷಯದಲ್ಲಿ ಬ್ರೆಜಿಲ್ ಮೇಲೆ ಅಮೆರಿಕ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಹೂಡಿದ್ದ ದೂರು ಅದೇ ಜೂನ್‌ನಲ್ಲಿ ವಾಪಸಾಯಿತು. ನವೆಂಬರ್ 14ರಂದು ದೋಹಾದಲ್ಲಿ ಎಲ್ಲ ಸದಸ್ಯ ದೇಶಗಳೂ ಟ್ರಿಪ್ಸ್ ಒಪ್ಪಂದ ಸಾರ್ವಜನಿಕ ಆರೋಗ್ಯ ರಕ್ಷಣೆಗೆ ಅಡ್ಡಿಯಾಗಬಾರದು, ಪೇಟೆಂಟುದಾರರ ಒಪ್ಪಿಗೆಯಿಲ್ಲದೆಯೇ ಬೇರೆಯವರಿಗೆ ತಯಾರಿಕೆಯ ಅನುಮತಿ ಕೊಡುವ ಕಡ್ಡಾಯ ಪರವಾನಗಿಯನ್ನು ಯಾವಾಗ ಕೊಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಆಯಾ ದೇಶಕ್ಕಿದೆ ಎಂದು ಘೋಷಿಸಿದವು. ಅದಕ್ಕೆ ಕೆಲವೇ ವಾರಗಳ ಹಿಂದೆ ಅಮೆರಿಕವೇ, ಆಂಥ್ರಾಕ್ಸ್ ಭಯದಲ್ಲಿ, ಬೇಯರ್ ಕಂಪನಿಯ ಸಿಪ್ರೊ ಔಷಧದ ಪೇಟೆಂಟನ್ನು ಬದಿಗಿಡುವ ಬೆದರಿಕೆ ಹಾಕಿ ಬೆಲೆಯನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡಿತ್ತು. ಅಲ್ಲಿ ಆಂಥ್ರಾಕ್ಸಿನಿಂದ ಸತ್ತವರು ಐದು ಮಂದಿ. ಏಡ್ಸ್‌ನಿಂದ ವರ್ಷಕ್ಕೆ ಲಕ್ಷಗಟ್ಟಲೆ ಜನ ಸಾಯುತ್ತಿದ್ದ ದೇಶಗಳಿಗೆ ಅದೇ ಹಕ್ಕಿಲ್ಲ ಎಂದು ವಾದಿಸಲು ಆ ಮೇಲೆ ಯಾರಿಗೂ ಬಾಯಿ ಬರಲಿಲ್ಲ.

ಇಷ್ಟಕ್ಕೇ ವಾದ ಗೆದ್ದಂತಾಗುವುದಿಲ್ಲ. ಎದುರು ಬರುವ ಆಕ್ಷೇಪಗಳಲ್ಲಿ ಕೆಲವು ಗಟ್ಟಿಯಾಗಿವೆ, ಎಲ್ಲಕ್ಕಿಂತ ಗಟ್ಟಿಯಾದದ್ದು ಆಮಿರ್ ಅತ್ತಾರನ್ ಮತ್ತು ಲೀ ಗಿಲೆಸ್ಪಿ ವೈಟ್ 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಆಫ್ರಿಕದ 53 ದೇಶಗಳಲ್ಲಿ 15 ಎಚ್‌ಐವಿ ಔಷಧಗಳಿಗೆ ಎಲ್ಲೆಲ್ಲಿ ಪೇಟೆಂಟ್ ಇದೆ ಎಂದು ಅವರು ಲೆಕ್ಕ ಹಾಕಿದರು. ಸಾಧ್ಯವಿದ್ದ ಪೇಟೆಂಟುಗಳಲ್ಲಿ ನಿಜಕ್ಕೂ ಇದ್ದದ್ದು ಸುಮಾರು ಐದನೇ ಒಂದು ಭಾಗ. ಬಹುಪಾಲು ಔಷಧಗಳಿಗೆ ಬಹುಪಾಲು ದೇಶಗಳಲ್ಲಿ ಪೇಟೆಂಟೇ ಇಲ್ಲದಿರುವಾಗ ಔಷಧ ಸಿಗದಿರುವುದಕ್ಕೆ ಪೇಟೆಂಟನ್ನು ದೂರುವುದು ಹೇಗೆ? ಬಡತನವೇ ಕಾರಣವಲ್ಲವೇ? ಇದು ಜವಾಬ್ದಾರಿಯುತ ಪ್ರಶ್ನೆ; ಹೋರಾಟಗಾರರಲ್ಲಿ ಹಲವರು ಇದಕ್ಕೆ ಉತ್ತರ ಕೊಡುವ ಬದಲು ಸಿಟ್ಟಾದರು, ಅದು ಸರಿಯಲ್ಲ. ಎಣಿಕೆಯನ್ನು ನಾನು ಒಪ್ಪುತ್ತೇನೆ, ಅದರಿಂದ ತೆಗೆದ ತೀರ್ಮಾನವನ್ನು ಒಪ್ಪುವುದಿಲ್ಲ. ಕಾರಣಗಳು ಇವು:

1. ಔಷಧವನ್ನು ನುಂಗುವ ದೇಶದಲ್ಲಿ ಪೇಟೆಂಟ್ ಇದೆಯೇ ಎಂಬುದಷ್ಟೇ ಮುಖ್ಯ, ತಯಾರಿಸುವ ದೇಶದಲ್ಲಿ ಇದೆಯೇ ಎಂಬುದು. ಪೇಟೆಂಟ್ ಇಲ್ಲದ ಎಷ್ಟೋ ದೇಶಗಳಲ್ಲಿ ಈ ಔಷಧಗಳನ್ನು ತಯಾರಿಸುವ ಕಾರ್ಖಾನೆಯೂ ಇರಲಿಲ್ಲ. ಭಾರತದಲ್ಲಿ ಆಗಲೇ ಪೇಟೆಂಟ್ ಇದ್ದಿದ್ದರೆ ಅಂಥ ದೇಶಗಳ ಮುಕ್ತ ಮಾರುಕಟ್ಟೆಗೆ ಮಾರಲು ಯಾರ ಬಳಿಯೂ ಸರಕಿರುತ್ತಿರಲಿಲ್ಲ.

2. ಪೇಟೆಂಟುಗಳು ಎಲ್ಲ ದೇಶಗಳಲ್ಲಿ ಸಮನಾಗಿ ಹಂಚಿಕೊಂಡಿರಲಿಲ್ಲ. ಅತಿ ಹೆಚ್ಚು ಸೋಂಕಿತರಿದ್ದ, ಖಂಡದ ಅತಿ ದೊಡ್ಡ ಔಷಧ ಮಾರುಕಟ್ಟೆಯಾದ ದಕ್ಷಿಣ ಆಫ್ರಿಕದಲ್ಲೇ ಹೆಚ್ಚು ಪೇಟೆಂಟುಗಳಿದ್ದವು. ಔಷಧ ಅಗ್ಗವಾಗುವುದು ದೊಡ್ಡ ಪ್ರಮಾಣದಲ್ಲಿ ತಯಾರಾದಾಗ. ದೊಡ್ಡ ಗಿರಾಕಿಗೆ ಬಾಗಿಲು ಮುಚ್ಚಿದರೆ ಅಕ್ಕಪಕ್ಕದ ಸಣ್ಣ ಗಿರಾಕಿಗಳಿಗೂ ಅಗ್ಗದ ಸರಕು ಸಿಗುವುದಿಲ್ಲ.

3. ಚಿಕಿತ್ಸೆ ಮೂರು ಔಷಧಗಳ ಜೋಡಣೆ. ಮೂರರಲ್ಲಿ ಒಂದಕ್ಕೆ ಪೇಟೆಂಟ್ ಇದ್ದರೆ ಸಾಕು, ಒಂದೇ ಮಾತ್ರೆಯಾಗಿ ಬರುವ ಚಿಕಿತ್ಸೆಗೆ ಬಾಗಿಲು ಮುಚ್ಚುತ್ತದೆ. ಹದಿನೈದರಲ್ಲಿ ಎಷ್ಟಕ್ಕೆ ಪೇಟೆಂಟ್ ಇದೆ ಎಂಬ ಸರಾಸರಿ ಇದನ್ನು ತೋರಿಸುವುದಿಲ್ಲ.

ತಯಾರಿಸುವ ದೇಶದ ನಿಯಮ ಎಷ್ಟು ನಿರ್ಣಾಯಕ ಎಂಬುದಕ್ಕೆ ಇನ್ನೊಂದು ಪುರಾವೆ ಟ್ರಿಪ್ಸ್ ಒಪ್ಪಂದದ 31ನೇ ವಿಧಿಯಲ್ಲೇ ಇದೆ. ಕಡ್ಡಾಯ ಪರವಾನಗಿಯಡಿ ತಯಾರಿಸಿದ ಔಷಧದ ಬಹುಪಾಲು ಸ್ವದೇಶದ ಮಾರುಕಟ್ಟೆಗೇ ಹೋಗಬೇಕು ಎನ್ನುತ್ತದೆ ಅದು. ಸ್ವಂತ ಕಾರ್ಖಾನೆಯಿಲ್ಲದ ದೇಶಕ್ಕೆ ಅಂಥ ಪರವಾನಗಿ ಕಾಗದದ ಚೂರು. ಈ ದೋಷ ಸರಿಪಡಿಸಲು 2003ರ ಆಗಸ್ಟ್ 30ರಂದು ಒಂದು ವಿಶೇಷ ವ್ಯವಸ್ಥೆ ಮಾಡಿದರು. ಕೊಳ್ಳುವ ದೇಶ ಜಿನೀವಾದ ವಿಶ್ವ ವ್ಯಾಪಾರ ಸಂಘಟನೆಗೆ ಸೂಚನೆ ಕೊಡಬೇಕು, ಮಾರುವ ದೇಶ ಪ್ರತ್ಯೇಕ ಪರವಾನಗಿ ಕೊಡಬೇಕು, ಪ್ರಮಾಣ ಮೊದಲೇ ಗೊತ್ತುಮಾಡಬೇಕು, ಮಾತ್ರೆಯ ಬಣ್ಣವೋ ಆಕಾರವೋ ಪೊಟ್ಟಣವೋ ಬೇರೆಯಾಗಿರಬೇಕು. ಆ ದಾರಿಯಲ್ಲಿ ಹೊರಟ ಔಷಧ ಗುರಿ ಮುಟ್ಟಿದ್ದು ಒಮ್ಮೆ ಮಾತ್ರ: ಕೆನಡಾದ ಅಪೋಟೆಕ್ಸ್ ಕಂಪನಿಯಿಂದ ರವಾಂಡಾಕ್ಕೆ ಎಚ್‌ಐವಿ ಮಾತ್ರೆಗಳು ಹೋದವು, 2008ರಲ್ಲಿ ಮೊದಲ ಕಂತು, ಮುಂದಿನ ವರ್ಷ ಎರಡನೆಯದು. ರವಾಂಡಾ ಸೂಚನೆ ಕೊಟ್ಟದ್ದು 2007ರ ಜುಲೈಯಲ್ಲಿ. ಸಾಯುತ್ತಿರುವವರಿಗಾಗಿ ಮಾಡಿದ ನಿಯಮ ಒಂದು ವರ್ಷಕ್ಕೂ ಹೆಚ್ಚು ಕಾಯಿಸಿತು.

ಎರಡನೆಯ ಆಕ್ಷೇಪ ಸಂಶೋಧನೆಯದು. ಲಾಭವಿಲ್ಲದಿದ್ದರೆ ಮುಂದಿನ ಔಷಧವನ್ನು ಯಾರು ಕಂಡುಹಿಡಿಯುತ್ತಾರೆ? ಮೊದಲು ನಡೆದದ್ದೇನೆಂದು ನೋಡೋಣ. ಮೊದಲ ಎಚ್‌ಐವಿ ಔಷಧ ಎಜೆಡ್‌ಟಿಯನ್ನು 1964ರಲ್ಲಿ ಕ್ಯಾನ್ಸರ್ ಔಷಧವಾಗಬಹುದೆಂದು ರೂಪಿಸಿದ್ದು ಜೆರೋಮ್ ಹಾರ್ವಿಟ್ಜ್, ಅಮೆರಿಕ ಸರ್ಕಾರದ ಅನುದಾನದಲ್ಲಿ. ಎಚ್‌ಐವಿ ವೈರಸ್ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದ್ದರಲ್ಲಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆಯ ಪ್ರಯೋಗಾಲಯಕ್ಕೆ ದೊಡ್ಡ ಪಾಲು. ಪೇಟೆಂಟ್ ಸಿಕ್ಕಿದ್ದು ಬರೋಸ್ ವೆಲ್‌ಕಮ್ ಕಂಪನಿಗೆ. 1987ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ವರ್ಷದ ಖರ್ಚು ಸುಮಾರು 8,000ದಿಂದ 10,000 ಡಾಲರ್. 1989ರ ಸೆಪ್ಟೆಂಬರ್‌ನಲ್ಲಿ ‘ಆಕ್ಟ್ ಅಪ್’ ಸಂಘಟನೆಯವರು ನ್ಯೂಯಾರ್ಕಿನ ಷೇರುಪೇಟೆಯೊಳಗೇ ಹೊಕ್ಕು ಪ್ರತಿಭಟಿಸಿದ ಕೆಲವೇ ದಿನಗಳಲ್ಲಿ ಬೆಲೆ ನೂರಕ್ಕೆ 20ರಷ್ಟು ಇಳಿಯಿತು. ಸಂಶೋಧನೆಯ ವೆಚ್ಚವೇ ಆ ಬೆಲೆಯನ್ನು ಗೊತ್ತುಮಾಡಿದ್ದರೆ ಅದು ದಿನಗಳಲ್ಲಿ ಇಳಿಯಲು ಹೇಗೆ ಸಾಧ್ಯ? ಸ್ಟಾವುಡಿನ್ ಎಚ್‌ಐವಿಗೆ ಮದ್ದಾಗಬಲ್ಲದೆಂದು ಕಂಡುಕೊಂಡದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. 2001ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಮತ್ತು ಆ ಔಷಧದ ಹಿಂದಿದ್ದ ವಿಜ್ಞಾನಿ ವಿಲಿಯಂ ಪ್ರುಸಾಫ್ ಒತ್ತಾಯಿಸಿದ ಮೇಲೆ ದಕ್ಷಿಣ ಆಫ್ರಿಕದಲ್ಲಿ ಪೇಟೆಂಟನ್ನು ಬಳಸುವುದಿಲ್ಲವೆಂದು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಒಪ್ಪಿತು. ಇನ್ನೊಂದು ಎಚ್‌ಐವಿ ಔಷಧ ಟೆನೊಫೊವಿರ್‌ನ ಬೇರು ಪ್ರಾಗ್ ನಗರದ ಅಂಟೊನಿನ್ ಹೋಲಿ ಅವರ ಪ್ರಯೋಗಾಲಯದಲ್ಲಿದೆ. ಕಂಪನಿಗಳು ಏನೂ ಮಾಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸಾವಿರಾರು ರೋಗಿಗಳ ಮೇಲೆ ಪ್ರಯೋಗ ನಡೆಸಿ, ಡೋಸು ಗೊತ್ತುಮಾಡಿ, ಅನುಮತಿ ಪಡೆಯುವುದು ದೊಡ್ಡ ಖರ್ಚಿನ ಕೆಲಸ, ಅದಕ್ಕೆ ಪ್ರತಿಫಲ ಬೇಕು. ಆದರೆ ಆ ಪ್ರತಿಫಲ ಎಲ್ಲಿಂದ ಬರುತ್ತಿತ್ತು? ಆ ದಿನಗಳಲ್ಲಿ ಜಗತ್ತಿನ ಔಷಧ ವಹಿವಾಟಿನಲ್ಲಿ ಇಡೀ ಆಫ್ರಿಕದ ಪಾಲು ನೂರಕ್ಕೆ ಸುಮಾರು ಒಂದು. ಅಲ್ಲಿ ಜೆನೆರಿಕ್ ಬಂದರೆ ಸಂಶೋಧನೆ ನಿಲ್ಲುತ್ತದೆ ಎನ್ನುವುದಕ್ಕೆ ಲೆಕ್ಕದ ಆಧಾರವಿಲ್ಲ. ಭಾರತ, ಬ್ರೆಜಿಲ್‌ನಂಥ ಮಧ್ಯಮ ಆದಾಯದ ದೊಡ್ಡ ದೇಶಗಳೂ ಸಂಶೋಧನೆಯ ಹೊರೆಯಲ್ಲಿ ಪಾಲು ಹೊರಬೇಕಲ್ಲವೇ ಎಂದು ಕೇಳಿದರೆ, ಹೊರಬೇಕು ಎಂದೇ ಹೇಳುತ್ತೇನೆ. ಆದರೆ ತಮ್ಮ ಆದಾಯಕ್ಕೆ ತಕ್ಕಷ್ಟು, ರಾಯಧನದ ರೂಪದಲ್ಲಿ. ಅದಕ್ಕೆ ಏಕಸ್ವಾಮ್ಯ ಬೇಕಿಲ್ಲ. 2012ರಲ್ಲಿ ಭಾರತ ಕೊಟ್ಟ ಒಂದೇ ಒಂದು ಕಡ್ಡಾಯ ಪರವಾನಗಿಯಲ್ಲಿ ನ್ಯಾಟ್ಕೊ ಕಂಪನಿ ಬೇಯರ್‌ನ ಕ್ಯಾನ್ಸರ್ ಔಷಧವನ್ನು ತಿಂಗಳಿಗೆ 2,80,000 ರೂಪಾಯಿಯ ಬದಲು 8,800ಕ್ಕೆ ಮಾರಿತು, ಬೇಯರ್‌ಗೆ ನೂರಕ್ಕೆ 6ರಷ್ಟು ರಾಯಧನವನ್ನೂ ಗೊತ್ತುಮಾಡಲಾಯಿತು.

ಗುಣಮಟ್ಟದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ರ್‍ಯಾನ್‌ಬ್ಯಾಕ್ಸಿ ಕಂಪನಿ 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಬೇಕಾಯಿತು. ಅದಕ್ಕೂ ಮೊದಲು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತೀಯ ಕಂಪನಿಗಳ ಕೆಲವು ಎಚ್‌ಐವಿ ಔಷಧಗಳನ್ನು ತನ್ನ ಪಟ್ಟಿಯಿಂದ ತೆಗೆದಿತ್ತು. ಇವು ನಾಚಿಕೆಯ ಸಂಗತಿಗಳು. ಆದರೆ ಇವು ಹೇಳುವುದು ತಪಾಸಣೆ ಬಿಗಿಯಾಗಿರಬೇಕು ಎಂದು. ಕಳಪೆ ಮಾತ್ರೆಯನ್ನು ಹಿಡಿಯುವುದು ಔಷಧ ನಿಯಂತ್ರಕರ ಕೆಲಸ, ಪೇಟೆಂಟ್ ಕಚೇರಿಯದ್ದಲ್ಲ. ಇದರ ಜೊತೆಗೇ ಕೇಳಿಬಂದ ಇನ್ನೊಂದು ಆಕ್ಷೇಪ ರೋಗಿಗಳ ಬಗ್ಗೆ. ಆಫ್ರಿಕದವರು ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲಾರರು, ಅವರಿಗೆ ಗಡಿಯಾರವೇ ಗೊತ್ತಿಲ್ಲ ಎಂಬರ್ಥದ ಮಾತನ್ನು 2001ರಲ್ಲಿ ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥರೇ ಆಡಿದ್ದರು. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯಾಗಿ ಔಷಧ ತೆಗೆದುಕೊಳ್ಳುವವರು ಆಫ್ರಿಕದಲ್ಲಿ ನೂರಕ್ಕೆ 77, ಉತ್ತರ ಅಮೆರಿಕದಲ್ಲಿ 55 ಎಂದು ಕಂಡುಬಂತು. ಅದಕ್ಕೆ ಹೆಚ್ಚಿನ ಉತ್ತರ ಬೇಕಿಲ್ಲ.

ನಿಯಮವೊಂದೇ ಸಾಕು ಎಂದು ನಾನು ವಾದಿಸುತ್ತಿಲ್ಲ. ದಕ್ಷಿಣ ಆಫ್ರಿಕದಲ್ಲಿ ಕಂಪನಿಗಳು ಸೋತ ಮೇಲೂ ಅಧ್ಯಕ್ಷ ಥಾಬೊ ಎಂಬೆಕಿ ಅವರು ಎಚ್‌ಐವಿಯೇ ಏಡ್ಸ್‌ಗೆ ಕಾರಣವೇ ಎಂದು ಶಂಕಿಸುತ್ತ ಕುಳಿತರು. ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ನೆವಿರಪಿನ್ ಕೊಡಿ ಎಂದು 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಸರ್ಕಾರಕ್ಕೆ ಆದೇಶಿಸಬೇಕಾಯಿತು. ಆ ಮೊಕದ್ದಮೆ ಹೂಡಿದ್ದೂ ಅದೇ ಅಭಿಯಾನ, ಕಂಪನಿಗಳ ವಿರುದ್ಧ ಸರ್ಕಾರದ ಜೊತೆ ನಿಂತವರೇ. ಜಗತ್ತಿಗೇ ಔಷಧ ಕಳಿಸುವ ನಮ್ಮ ದೇಶದಲ್ಲಿ 2022ರಲ್ಲಿ ಎಚ್‌ಐವಿ ಸೋಂಕಿತರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕೂತರು, ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಇಲ್ಲವೆಂದು. ಪೇಟೆಂಟ್ ಇಲ್ಲದಿದ್ದರೂ ಟೆಂಡರ್ ತಡವಾದರೆ ರೋಗಿಗೆ ಆಗುವ ಹಾನಿ ಅದೇ. ಅಗ್ಗದ ಬೆಲೆ ಮೊದಲ ಮೆಟ್ಟಿಲು. ಆದರೆ ಆ ಮೆಟ್ಟಿಲಿಲ್ಲದೆ ಉಳಿದವನ್ನು ಹತ್ತಲಾಗುವುದಿಲ್ಲ. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲೂ ದೆಹಲಿಯಲ್ಲೂ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಲು ಸಾಧ್ಯವಾದದ್ದು ಮಾತ್ರೆಯ ಬೆಲೆ ಅಷ್ಟು ಇಳಿದಿದ್ದರಿಂದಲೇ.

2005ರಲ್ಲಿ ಭಾರತ ಔಷಧಗಳಿಗೆ ಪೇಟೆಂಟ್ ಕೊಡಲು ಆರಂಭಿಸಿದಾಗ ಸಂಸತ್ತು ಎರಡು ರಕ್ಷಣೆಗಳನ್ನು ಕಾಯ್ದೆಯಲ್ಲಿ ಬರೆಯಿತು. 3(ಡಿ) ಕಲಮು: ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟರೆ ಸಾಲದು, ಗುಣದಲ್ಲಿ ನಿಜವಾದ ಹೆಚ್ಚಳವಿರಬೇಕು. 25(1) ಕಲಮು: ಪೇಟೆಂಟ್ ಸಿಗುವ ಮುಂಚೆಯೇ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಎರಡನೆಯದನ್ನು ಎಚ್‌ಐವಿ ಸೋಂಕಿತರ ಸಂಘಟನೆಗಳು ಬಳಸಿದ ರೀತಿ ನೋಡಿದರೆ ಹೋರಾಟ ಎಂಬುದರ ಅರ್ಥ ಸ್ಪಷ್ಟವಾಗುತ್ತದೆ. ಗ್ಲಾಕ್ಸೋ ಕಂಪನಿ ‘ಕಾಂಬಿವಿರ್’ ಮಾತ್ರೆಗೆ ಪೇಟೆಂಟ್ ಕೇಳಿತ್ತು. ಅದರಲ್ಲಿದ್ದದ್ದು ಜಿಡೊವುಡಿನ್, ಲ್ಯಾಮಿವುಡಿನ್ ಎಂಬ ಎರಡು ಹಳೆಯ ಔಷಧಗಳು, ಜೊತೆಗೆ ಯಂತ್ರದಲ್ಲಿ ಪುಡಿ ಸರಾಗವಾಗಿ ಜಾರಲೆಂದು ಬೆರೆಸುವ ಒಂದು ಪದಾರ್ಥ. 2006ರಲ್ಲಿ ಮಣಿಪುರದ ಸೋಂಕಿತರ ಸಂಘಟನೆ ಮತ್ತು ರಾಷ್ಟ್ರಮಟ್ಟದ ಸಂಘಟನೆ ಸೇರಿ ಇದರಲ್ಲಿ ಹೊಸದೇನಿದೆ ಎಂದು ಪೇಟೆಂಟ್ ಕಚೇರಿಯಲ್ಲಿ ಲಿಖಿತ ತಕರಾರು ಹೂಡಿದವು. ಅದೇ ವರ್ಷ ಕಂಪನಿ ಅರ್ಜಿ ಹಿಂತೆಗೆದುಕೊಂಡಿತು. 2008ರಲ್ಲಿ ಮಕ್ಕಳಿಗೆ ಕೊಡುವ ನೆವಿರಪಿನ್ ಸಿರಪ್‌ನ ಅರ್ಜಿ, 2009ರಲ್ಲಿ ಟೆನೊಫೊವಿರ್‌ನ ಅರ್ಜಿಗಳು ತಿರಸ್ಕೃತವಾದವು. 3(ಡಿ) ಕಲಮನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ಇವೆಲ್ಲ ಮನ ಕರಗಿಸುವ ಕೆಲಸವಲ್ಲ. ರಸಾಯನಶಾಸ್ತ್ರದ, ಕಾನೂನಿನ ಕಡತ ಓದಿ ವಾದ ಮಂಡಿಸುವ ಕೆಲಸ. ಇಂದು ಜಗತ್ತಿನಲ್ಲಿ 4 ಕೋಟಿಗೂ ಹೆಚ್ಚು ಎಚ್‌ಐವಿ ಸೋಂಕಿತರಲ್ಲಿ 3.1 ಕೋಟಿಗೂ ಹೆಚ್ಚು ಜನ ಚಿಕಿತ್ಸೆಯಲ್ಲಿದ್ದಾರೆ. ಮೂರು ಔಷಧಗಳ ಈಗಿನ ಮಾತ್ರೆಯನ್ನು ಬಡ ದೇಶಗಳ ಚಿಕಿತ್ಸೆಗೆ ಹಣ ಒದಗಿಸುವ ಗ್ಲೋಬಲ್ ಫಂಡ್ ಒಬ್ಬರಿಗೆ ವರ್ಷಕ್ಕೆ 45 ಡಾಲರಿಗಿಂತ ಕಡಿಮೆ ಬೆಲೆಗೆ ಕೊಳ್ಳುವುದಾಗಿ 2023ರಲ್ಲೇ ಪ್ರಕಟಿಸಿತು.

ಕೊನೆಯ ಆಕ್ಷೇಪ ಇತ್ತೀಚಿನದು, ನಯವಾದದ್ದು. ಜಗಳದ ಕಾಲ ಮುಗಿಯಿತು, ಈಗ ಕಂಪನಿಗಳೇ ಸ್ವಇಚ್ಛೆಯಿಂದ ಜೆನೆರಿಕ್ ತಯಾರಕರಿಗೆ ಪರವಾನಗಿ ಕೊಡುತ್ತಿವೆ, ಹಾಗಿರುವಾಗ ಕಡ್ಡಾಯ ಪರವಾನಗಿ ಏಕೆ ಎನ್ನುತ್ತಾರೆ. ಲೆನಾಕಪವಿರ್ ಚುಚ್ಚುಮದ್ದಿನ ಕಥೆಯಲ್ಲಿ ಉತ್ತರವಿದೆ. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸೋಂಕು ತಗಲದಂತೆ ಕಾಯುವ ಔಷಧ ಅದು. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಇದು ನಿಜವಾದ ಸಾಧನೆ, ಗಿಲಿಯಡ್ ಕಂಪನಿಗೆ ಅದರ ಶ್ರೇಯಸ್ಸು ಸಲ್ಲಬೇಕು. 2025ರಲ್ಲಿ ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28,218 ಡಾಲರ್ ಇತ್ತು. ಕಂಪನಿ 120 ದೇಶಗಳಿಗಾಗಿ ಆರು ಜೆನೆರಿಕ್ ತಯಾರಕರಿಗೆ ಪರವಾನಗಿ ಕೊಟ್ಟಿದೆ, ಡಾ. ರೆಡ್ಡೀಸ್ ಮತ್ತು ಹೆಟೆರೊ 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವುದಾಗಿ ಹೇಳಿವೆ. ಆದರೆ ಆ 120ರ ಪಟ್ಟಿಯಲ್ಲಿ ಬ್ರೆಜಿಲ್, ಅರ್ಜೆಂಟೀನ, ಮೆಕ್ಸಿಕೊ, ಪೆರು ಇಲ್ಲ. ಈ ನಾಲ್ಕೂ ದೇಶಗಳ ಜನ ಇದೇ ಔಷಧದ ಎರಡನೆಯ ಪ್ರಯೋಗಕ್ಕೆ ಮೈಯೊಡ್ಡಿದವರು. ಪಟ್ಟಿಯಲ್ಲಿ ಯಾರಿರಬೇಕು, ಯಾರಿರಬಾರದು ಎಂದು ಬರೆಯುವ ಲೇಖನಿ ಒಂದು ಕಂಪನಿಯ ಕೈಯಲ್ಲಿದೆ. ಸ್ವಇಚ್ಛೆಯ ಪರವಾನಗಿ ಒಳ್ಳೆಯದೇ, ಆದರೆ ಕಡ್ಡಾಯದ ಅಧಿಕಾರ ಸರ್ಕಾರದ ಬಳಿ ಜೀವಂತವಾಗಿರುವಷ್ಟು ಕಾಲ ಮಾತ್ರ ಅದರ ಷರತ್ತುಗಳು ನ್ಯಾಯವಾಗಿರುತ್ತವೆ.

ಆ ಅಧಿಕಾರವೇ ಈಗ ಸದ್ದಿಲ್ಲದೆ ಸವೆಯುತ್ತಿದೆ. ಯುರೋಪಿನೊಡನೆ 2007ರಲ್ಲಿ ಆರಂಭವಾದ ಮುಕ್ತ ವ್ಯಾಪಾರದ ಮಾತುಕತೆಯಲ್ಲಿ ಎದುರು ಪಕ್ಷ ಮುಂದಿಟ್ಟ ಬೇಡಿಕೆಗಳಲ್ಲೊಂದು ‘ದತ್ತಾಂಶದ ಏಕಸ್ವಾಮ್ಯ’. ಪೇಟೆಂಟ್ ಇಲ್ಲದ ಔಷಧಕ್ಕೂ, ಮೂಲ ಕಂಪನಿಯ ಪ್ರಯೋಗದ ಫಲಿತಾಂಶವನ್ನು ಆಧರಿಸಿ ಜೆನೆರಿಕ್‌ಗೆ ಅನುಮತಿ ಕೊಡಬಾರದು ಎಂಬುದು ಅದರ ಸಾರ. ಒಪ್ಪಿದರೆ ಜೆನೆರಿಕ್ ಕಂಪನಿ ವರ್ಷಗಟ್ಟಲೆ ಕಾಯಬೇಕು, ಇಲ್ಲವೇ ಈಗಾಗಲೇ ಉತ್ತರ ಗೊತ್ತಿರುವ ಪ್ರಶ್ನೆಗಾಗಿ ಮತ್ತೆ ರೋಗಿಗಳ ಮೇಲೆ ಪ್ರಯೋಗ ನಡೆಸಬೇಕು. 2011ರಲ್ಲಿ ಸೋಂಕಿತರು ದೆಹಲಿಯ ಬೀದಿಗಳಲ್ಲಿ ನಿಂತು ಇದನ್ನು ವಿರೋಧಿಸಿದರು. 2025ರ ಜುಲೈಯಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಔಷಧ ಸಿಗುವಂತೆ ಮಾಡಲು ಸ್ವಇಚ್ಛೆಯ ಪರವಾನಗಿಯೇ ಉತ್ತಮ ಮಾರ್ಗ ಎಂಬ ಆಶಯದ ಮಾತು ಸೇರಿದೆ. ದೋಹಾದಲ್ಲಿ ಗೆದ್ದದ್ದಕ್ಕೆ ಇದು ಹಿನ್ನಡೆ ಎಂದೇ ನನ್ನ ತೀರ್ಮಾನ. ದೇಶದೊಳಗೂ ಅದೇ ಗಾಳಿ. 2024ರ ಮಾರ್ಚ್‌ನಲ್ಲಿ ತಿದ್ದಿದ ಪೇಟೆಂಟ್ ನಿಯಮಗಳು ಮುಂಚಿತ ತಕರಾರಿಗೆ ಹಿಂದೆ ಇಲ್ಲದಿದ್ದ ಶುಲ್ಕ ವಿಧಿಸಿವೆ, ತಕರಾರು ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲೇ ತೀರ್ಮಾನಿಸಬೇಕೆಂದಿವೆ. ಪೇಟೆಂಟ್ ಪಡೆದವರು ಆ ಔಷಧವನ್ನು ದೇಶದಲ್ಲಿ ಎಷ್ಟು ಒದಗಿಸಿದರು ಎಂದು ಪ್ರತಿವರ್ಷ ಕೊಡಬೇಕಿದ್ದ ವಿವರವನ್ನು ಇನ್ನು ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ನ್ಯಾಟ್ಕೊ ಪ್ರಕರಣದಲ್ಲಿ ಕಡ್ಡಾಯ ಪರವಾನಗಿಗೆ ಆಧಾರವಾದ ಪುರಾವೆಗಳಲ್ಲಿ ಅಂಥದೇ ವಿವರವೂ ಇತ್ತು.

ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆ ಬೇಕಿಲ್ಲ. 1994ರಲ್ಲಿ ಟ್ರಿಪ್ಸ್ ಒಪ್ಪಿಕೊಂಡದ್ದೂ ಹಾಗೆಯೇ. ಮಾತುಕತೆಯ ಕರಡು ಜನರಿಗೆ ಕಾಣುವುದು ಬಹಳ ಸಲ ಸಹಿಯಾದ ಮೇಲೆ, ಎಲ್ಲೋ ಸೋರಿಕೆಯಾದರೆ ಮೊದಲು. ಕರ್ನಾಟಕದಿಂದ ಲೋಕಸಭೆಗೆ ಹೋದ 28 ಸದಸ್ಯರಿದ್ದಾರೆ. ಮುಂದಿನ ಒಪ್ಪಂದದ ಬೌದ್ಧಿಕ ಆಸ್ತಿಯ ಅಧ್ಯಾಯವನ್ನು ಸಹಿಗೆ ಮೊದಲೇ ಸದನದ ಮುಂದೆ ಇಡಬೇಕೆಂದು ಅವರು ಒತ್ತಾಯಿಸಲಿ. ಮುಂಚಿತ ತಕರಾರಿನ ಮೇಲಿನ ಶುಲ್ಕವನ್ನು ರೋಗಿಗಳ ಸಂಘಟನೆಗಳ ಮಟ್ಟಿಗಾದರೂ ತೆಗೆಯಲು ಕೇಳಲಿ. ಓದುಗರು ತಮ್ಮ ಕ್ಷೇತ್ರದ ಸಂಸದರಿಗೆ ಈ ಎರಡು ವಿಷಯ ಬರೆದು ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.